‘ವೆರ್ಲಕ್ಟ್’ ಅಂದರೇನೆಂದು ಖಾದರ್ ಸಾಬರು ಕೇಳಿದಾಗ

ಹೊಸದಾಗಿ ಗುಮಾಸ್ತಗಿರಿಗೆ ಸೇರುವವರಿಗೆ ಉಪಯೋಗವಾಗುವಂತೆ ನಾಲ್ಕು ಮಾತು ಬರೆದುಕೊಡಿ ಎಂದು ನನ್ನ ತಂಗಿಯ ಅಳಿಯ ಕೇಳಿದ. ಅಕ್ಷರ ದುಂಡಗಿರಲಿ, ಹೊತ್ತಿಗೆ ಸರಿಯಾಗಿ ಹೋಗಿ, ಮೇಲಿನವರಿಗೆ ಎದುರಾಡಬೇಡಿ ಅನ್ನುವ ಬಗೆಯ ಮಾತು ಅವನ ಮನಸ್ಸಿನಲ್ಲಿದ್ದಂತೆ ಕಾಣುತ್ತದೆ. ಅದು ಬೇಕಿದ್ದರೆ ಬೇರೆ ಯಾರನ್ನಾದರೂ ಕೇಳಲಿ. ಮೇಲಿನವರಿಗೆ ಎದುರಾಡದೆ ಕುಳಿತದ್ದರಿಂದ ಏನಾಯಿತು ಅನ್ನುವುದನ್ನು ನಾನು ಬರೆಯುತ್ತೇನೆ. ನಡೆದು ಇಷ್ಟು ವರ್ಷವಾದರೂ ನೆನೆಸಿಕೊಂಡರೆ ಈಗಲೂ ಮೈ ಉರಿಯುತ್ತದೆ.

ನನ್ನ ಹೆಸರು ಮರುಳಯ್ಯ. ಹುಟ್ಟಿದ್ದು ಮಾಗಡಿ ಸೀಮೆಯ ಕೆಂಪಾಪುರದ ಹತ್ತಿರ. ಒಂದಿಷ್ಟು ಇಂಗ್ಲಿಷ್ ಕಲಿತು ಚನ್ನಪಟ್ಟಣದ ಒಂದು ಕೋಠಿಯಲ್ಲಿ ಕಾಗದ ಬರೆಯುವ ಗುಮಾಸ್ತನಾದೆ. ಕೋಠಿ ಎಂದರೆ ಊರಿನ ಕುಶಲಗಾರರಿಂದ ಅರಗಿನ ಬಣ್ಣದ ಡಬ್ಬಿ, ಬೊಂಬೆ, ಬುಗುರಿ ಕೊಂಡು ಹೊರದೇಶಕ್ಕೆ ಕಳಿಸುವ ವ್ಯಾಪಾರದ ಮನೆ. ಅದು ಯಾವ ಕೋಠಿ ಎಂದು ಹೇಳುವುದಿಲ್ಲ. ಈಗ ಅದು ಉಳಿದೂ ಇಲ್ಲ, ಇಲ್ಲದ್ದಕ್ಕೆ ನನಗೆ ದುಃಖವೂ ಇಲ್ಲ.

ನಮ್ಮ ಡಬ್ಬಿಗಳನ್ನು ತರಿಸಿಕೊಳ್ಳುತ್ತಿದ್ದವರಲ್ಲಿ ಹಾಲೆಂಡ್ ದೇಶದ ಒಬ್ಬ ಅಂಗಡಿಯವನಿದ್ದ. ಮೊದಮೊದಲು ಅವನ ತಮ್ಮನ ಮಗ ಇಂಗ್ಲಿಷಿನಲ್ಲಿ ಕಾಗದ ಬರೆಯುತ್ತಿದ್ದ. ಆಮೇಲೆ ಆ ಹುಡುಗ ಹಡಗಿನ ಕೆಲಸಕ್ಕೆ ಹೋಗಿಬಿಟ್ಟನಂತೆ. ಅಲ್ಲಿಂದಾಚೆ ಮುದುಕ ತನ್ನ ಡಚ್ಚು ಭಾಷೆಯಲ್ಲೇ ಬರೆಯತೊಡಗಿದ. ನಮ್ಮ ಮ್ಯಾನೇಜರು ವೆಂಕಟರಮಣಯ್ಯನವರು ಬೆಂಗಳೂರಿನ ದಂಡುಪ್ರದೇಶದಲ್ಲಿ ಹಳೆಯ ಪುಸ್ತಕ ಮಾರುವವನ ಹತ್ತಿರ ಎರಡು ಡಚ್ಚು ನಿಘಂಟು, ಒಂದು ಹರಕು ವ್ಯಾಕರಣ ತರಿಸಿದರು. ದಪ್ಪ ನಿಘಂಟನ್ನು ತಮ್ಮ ಮೇಜಿನ ಮೇಲೆ ಇಟ್ಟುಕೊಂಡು, ಸಣ್ಣದನ್ನೂ ವ್ಯಾಕರಣವನ್ನೂ ನನ್ನ ಮುಂದೆ ಎಸೆದು, “ಕಲೀರಿ. ಎಲ್ಲ ಇಂಗ್ಲಿಷ್ ಇದ್ದ ಹಾಗೇ ಇದೆ” ಅಂದರು. ತಾವು ಒಂದು ಪುಟವನ್ನೂ ತಿರುವಿರಲಿಲ್ಲ.

ಎಲ್ಲ ಇಂಗ್ಲಿಷ್ ಇದ್ದ ಹಾಗೆ ಇರಲಿಲ್ಲ. ನನಗೆ ಅತಿ ಹೆಚ್ಚು ಕಾಟ ಕೊಟ್ಟದ್ದು ಅವರ ಭೂತಕಾಲದ ಕೃದಂತ. ಮುರಿದ, ಬರೆದ, ಕಳಿಸಿದ ಅನ್ನುತ್ತೇವಲ್ಲ, ಅಂಥ ರೂಪ. ನಮ್ಮಲ್ಲಿ ಗುರುತು ಶಬ್ದದ ಕೊನೆಯಲ್ಲಿರುತ್ತದೆ. ಅವರಲ್ಲಿ ಕೊನೆಯಲ್ಲೂ ಒಂದು ಗುರುತು, ತಲೆಯ ಮೇಲೆ ‘ಗೆ’ ಎಂಬ ಇನ್ನೊಂದು ಗುರುತು. ನಿಘಂಟಿನಲ್ಲಿ ಹುಡುಕಬೇಕಾದರೆ ಆ ‘ಗೆ’ಯನ್ನು ಕಿತ್ತುಹಾಕಿ ಧಾತುವನ್ನು ಹುಡುಕಬೇಕು. ಸರಿ, ಅಷ್ಟೇ ತಾನೆ ಎಂದು ಕಿತ್ತುಹಾಕುತ್ತ ಹೋದರೆ ಕೆಲವು ಶಬ್ದಗಳಿಗೆ ‘ಗೆ’ ಹುಟ್ಟಿನಿಂದಲೇ ಇರುತ್ತದೆ, ಕಿತ್ತರೆ ಏನೂ ಉಳಿಯುವುದಿಲ್ಲ. ‘ವೆರ್’, ‘ಬೆ’ ಎಂದು ಮೊದಲಾಗುವ ಶಬ್ದಗಳಿಗೆ ‘ಗೆ’ ಹತ್ತುವುದೇ ಇಲ್ಲ. ಇನ್ನು ಕೆಲವಕ್ಕೆ ‘ಗೆ’ ಹೋಗಿ ಶಬ್ದದ ನಟ್ಟನಡುವೆ ಕುಳಿತಿರುತ್ತದೆ. ಒಂದು ಸಾಲಿಗೆ ಅರ್ಧ ಗಂಟೆ ಹಿಡಿಯುತ್ತಿತ್ತು. ಆ ಶಬ್ದಗಳನ್ನು ಯಾರೂ ಆಡಿದ್ದನ್ನು ನಾನು ಕೇಳಿದವನಲ್ಲ. ಅಕ್ಷರ ಹೇಗಿತ್ತೋ ಹಾಗೆ ಓದಿಕೊಳ್ಳುತ್ತಿದ್ದೆ, ಇಲ್ಲಿ ಬರೆದಿರುವುದೂ ಹಾಗೆಯೇ. ಡಚ್ಚರು ಯಾರಾದರೂ ಓದಿದರೆ ನಗಲಿ.

ಎರಡು ವರ್ಷ ಹೀಗೆ ಏಗಿದ ಮೇಲೆ ಒಸಿ ಧೈರ್ಯ ಬಂತು. ಧೈರ್ಯ ಬಂದಾಗಲೇ ಎಡವಿದೆ.

ಮುದುಕನ ಒಂದು ಕಾಗದದಲ್ಲಿ ‘ಡಬ್ಬಿಗಳು ಬೆವಲ್ಲೆನ್’ ಎಂದಿತ್ತು. ನಿಘಂಟು ನೋಡಿದೆ, ಮೆಚ್ಚಿಗೆಯಾದವು ಎಂದರ್ಥ. ಸಂತೋಷ. ಅದರ ಮುಂದಿನ ಕಾಗದದಲ್ಲಿ, ಉತ್ತರ ತಡವಾಯಿತು, ಕ್ಷಮಿಸಿ, ‘ನನ್ನ ಮಗಳು ಬೆವಲ್ಲೆನ್’ ಎಂದಿತ್ತು. ಅದೇ ಶಬ್ದ ತಾನೇ ಎಂದು ನಾನು ನಿಘಂಟನ್ನು ಮುಟ್ಟಲೇ ಇಲ್ಲ. ‘ತಮ್ಮ ಮಗಳಿಗೂ ಮೆಚ್ಚಿಗೆಯಾದದ್ದು ತಿಳಿದು ಆನಂದವಾಯಿತು. ಬೇಕಾದರೆ ಅಂಥವೇ ಇನ್ನೆರಡು ಕಳಿಸಿಕೊಡುತ್ತೇವೆ’ ಎಂದು ಬರೆದು ಅಂಚೆಗೆ ಹಾಕಿದೆ. ಎರಡೂವರೆ ತಿಂಗಳಿಗೆ ಉತ್ತರ ಬಂತು. ‘ತಮ್ಮ ಉಪಕಾರಕ್ಕೆ ವಂದನೆಗಳು. ಮಗಳಿಗೆ ಈ ವರ್ಷಕ್ಕೆ ಒಂದು ಗಂಡುಮಗು ಸಾಕು.’

ಬೆವಲ್ಲೆನ್ ಎಂದರೆ ಹೆರಿಗೆಯಾಯಿತು ಎಂಬ ಅರ್ಥವೂ ಉಂಟು. ವಸ್ತುವಿನ ಮಾತಾದರೆ ಮೆಚ್ಚಿಗೆ, ಹೆಣ್ಣಿನ ಮಾತಾದರೆ ಹೆರಿಗೆ. ಕೃದಂತ ಒಂದೇ, ಕರ್ತೃ ಬದಲಾದರೆ ಅರ್ಥ ಬದಲು. ಕೋಠಿಯಲ್ಲೆಲ್ಲ ನಗೆಯೋ ನಗೆ. ನಾನೂ ನಕ್ಕೆ. ಆದರೆ ವ್ಯಾಕರಣದ ಪುಸ್ತಕದ ಮೊದಲ ಹಾಳೆಯ ಮೇಲೆ ಪೆನ್ಸಿಲಿನಲ್ಲಿ ದಪ್ಪಗೆ ಬರೆದಿಟ್ಟುಕೊಂಡೆ: ಯಾವುದಕ್ಕೆ ಆಯಿತು ಎಂದು ಮೊದಲು ನೋಡು, ಏನಾಯಿತು ಎಂದು ಆಮೇಲೆ ಹೇಳು. ಗುಮಾಸ್ತಗಿರಿಯಲ್ಲಿ ನಾನು ಕಲಿತ ವಿದ್ಯೆ ಅಷ್ಟೇ. ಅದು ಬೇಕಾದ ದಿನ ಅದನ್ನು ಬಾಯಿಂದ ಹೊರಗೆ ಹಾಕಲಿಲ್ಲ.

ಈಗ ಖಾದರ್ ಸಾಬರ ವಿಷಯ. ಆ ಡಚ್ಚು ಮುದುಕನಿಗೆ ಹೋಗುತ್ತಿದ್ದ ಡಬ್ಬಿಗಳೆಲ್ಲ ಅವರ ಕೈಯವು. ಹಾಲೆ ಮರದ ತುಂಡನ್ನು ಚರಕಿಗೆ ಸಿಕ್ಕಿಸಿ, ಕಮಾನಿನಿಂದ ತಿರುಗಿಸುತ್ತ, ಅರಗಿನ ಕಡ್ಡಿಯನ್ನು ಅದಕ್ಕೆ ಒತ್ತಿ ಹಿಡಿಯುತ್ತಿದ್ದರು. ತಿರುಗುವ ಬಿಸಿಗೆ ಅರಗು ಕರಗಿ ಮರಕ್ಕೆ ಹತ್ತಬೇಕು. ಒತ್ತಿದ್ದು ಹೆಚ್ಚಾದರೆ ಸುಟ್ಟು ಕಪ್ಪಾಗುತ್ತದೆ, ಕಡಿಮೆಯಾದರೆ ಪಟ್ಟೆಪಟ್ಟೆಯಾಗುತ್ತದೆ. ಎಷ್ಟು ಬಿಸಿ ಎಂದು ಹೇಳುವುದು ಬೆರಳು ಮಾತ್ರ. ಕೊನೆಗೆ ಕೇದಿಗೆ ಗರಿ ಹಿಡಿದು ಉಜ್ಜುತ್ತಿದ್ದರು. ಹಾಗೆ ಉಜ್ಜಿದ ಡಬ್ಬಿಯ ಮುಚ್ಚಳದಲ್ಲಿ ನಮ್ಮ ಮುಖ ಕಾಣುತ್ತಿತ್ತು.

ಮ್ಯಾನೇಜರು ಅವರ ಮೇಲೆ ಹಲ್ಲು ಮಸೆಯುತ್ತಿದ್ದರು. ಕಾರಣ ಇಷ್ಟೇ. ಒಂದು ಸಲ ಮಾಲು ಬೇಗ ಬೇಕು, ಕೇದಿಗೆ ಗರಿಯ ಕೆಲಸ ಬಿಟ್ಟುಬಿಡಿ, ಎಣ್ಣೆಬಟ್ಟೆಯಲ್ಲಿ ಒರೆಸಿ ಕೊಡಿ ಅಂದರು. ಖಾದರ್ ಸಾಬರು ಎಲ್ಲರ ಎದುರಿಗೆ, “ಅಂಗ್ ಮಾಡಾದಾದ್ರೆ ಬೇರೆಯೋರ್ ಕೈಲಿ ಮಾಡುಸ್ಕಳಿ ಸ್ವಾಮಿ. ನಮ್ಮಪ್ಪ ನಂಗೆ ಕಲ್ಸಿರಾದು ಇಂಗೆ” ಅಂದುಬಿಟ್ಟರು. ಮ್ಯಾನೇಜರ ಮುಖ ಕೆಂಪಾಯಿತು. ಆವತ್ತು ಏನೂ ಅನ್ನಲಿಲ್ಲ. ಅನ್ನದೆ ಇಟ್ಟುಕೊಳ್ಳುವ ಜಾತಿ ಅದು.

ಅದಾದ ಮೇಲೆ ಬಂದ ಡಚ್ಚು ಕಾಗದವನ್ನು ಅವರು ನನಗೆ ಕೊಡಲಿಲ್ಲ. ತಾವೇ ದಪ್ಪ ನಿಘಂಟು ತೆಗೆದು ಕುಳಿತರು. ಬೆಳಗಿನಿಂದ ಊಟದ ಹೊತ್ತಿನವರೆಗೆ ಅದೇ ಕೆಲಸ. ಆಮೇಲೆ ನನ್ನನ್ನು ಕರೆದು ಒಂದು ಸಾಲಿನ ಕೆಳಗೆ ಉಗುರು ಎಳೆದರು. ‘ಡಬ್ಬಿಗಳು ಚೆನ್ನಾಗಿ ವೆರ್ಲಕ್ಟ್ ಆಗಿವೆ.’

“ನೋಡಿ ಮರುಳಯ್ಯ, ವೆರ್ಲಕ್ಟ್ ಅಂದ್ರೆ ಮೋಸ. ಇಲ್ಲೇ ಕೊಟ್ಟಿದಾನೆ. ಚೆನ್ನಾಗಿ ಮೋಸ ಮಾಡಿದ್ದೀರಿ ಅಂತ ಬರ್ದಿದಾನೆ. ಆ ಸಾಬಿ ಅರಗಿನಲ್ಲಿ ಏನೋ ಬೆರಕೆ ಮಾಡಿದಾನೆ. ನಂಗೆ ಮೊದ್ಲೇ ಗೊತ್ತಿತ್ತು.”

ನಾನು ನಿಘಂಟನ್ನು ಬಗ್ಗಿ ನೋಡಿದೆ. ಎರಡು ಅರ್ಥ ಇದ್ದವು. ಮೊದಲನೆಯದು, ಅರಗು ಹಾಕು, ಮೆರುಗು ಕೊಡು. ಎರಡನೆಯದು, ಮೋಸ ಮಾಡು. ಮೊದಲನೆಯ ಅರ್ಥದ ಮೇಲೆ ಅವರ ಹೆಬ್ಬೆರಳಿತ್ತು. ಬೇಕೆಂದೇ ಇತ್ತೋ ಹಾಗೇ ಇತ್ತೋ ಇವತ್ತಿಗೂ ಗೊತ್ತಿಲ್ಲ.

ನನಗೆ ಆ ಕ್ಷಣದಲ್ಲೇ ಸ್ಪಷ್ಟವಾಗಿ ತಿಳಿಯಿತು. ಇದನ್ನು ನೀವು ನೆನಪಿಟ್ಟುಕೊಳ್ಳಿ, ಅನುಮಾನವಲ್ಲ, ತಿಳಿಯಿತು. ‘ವೆರ್’ ಇರುವುದರಿಂದ ‘ಗೆ’ ಇಲ್ಲ, ಆದ್ದರಿಂದ ಇದು ಕೃದಂತವೇ. ಕರ್ತೃ ಯಾರು? ಡಬ್ಬಿಗಳು. ಡಬ್ಬಿಗೆ ಯಾರಾದರೂ ಮೋಸ ಮಾಡುತ್ತಾರೆಯೇ? ಡಬ್ಬಿಗಳಿಗೆ ಚೆನ್ನಾಗಿ ಅರಗು ಹಾಕಲಾಗಿದೆ ಎಂದು ಆ ಮುದುಕ ಸಮುದ್ರದಾಚೆಯಿಂದ ಹೊಗಳಿ ಬರೆದಿದ್ದ.

“ಸ್ವಾಮಿ, ಇಲ್ಲಿ ಕರ್ತೃ ಡಬ್ಬಿ...” ಎಂದು ಶುರುಮಾಡಿದೆ.

“ಹೋದ ವರ್ಷ ಹೆರಿಗೆಯಾದೋಳಿಗೆ ಇನ್ನೆರಡು ಕಳಿಸ್ತೀವಿ ಅಂತ ಬರ್ದೋರು ಯಾರು? ನೀವೇ ಅಲ್ವಾ? ವ್ಯಾಕರಣ ನನಗೆ ಹೇಳಿಕೊಡಬೇಡಿ. ಹೋಗಿ ಕೂತ್ಕೊಳ್ಳಿ.”

ಹೋಗಿ ಕುಳಿತುಕೊಂಡೆ.

ಖಾದರ್ ಸಾಬರನ್ನು ಕರೆಸಿದರು. ಅವರು ಹೆಗಲ ಮೇಲಿನ ಅರಗು ಹತ್ತಿದ ವಸ್ತ್ರವನ್ನು ತೆಗೆದು ಕೈಯಲ್ಲಿ ಹಿಡಿದು ಜಗುಲಿಯ ಮೇಲೆ ನಿಂತರು. ಮ್ಯಾನೇಜರು ಕಾಗದವನ್ನು ಗಾಳಿಯಲ್ಲಿ ಆಡಿಸುತ್ತ, ಹಾಲೆಂಡಿನವರು ನೀನು ಮೋಸಗಾರ ಎಂದು ಬರೆದಿದ್ದಾರೆ, ನಾಳೆಯಿಂದ ಈ ಕೋಠಿಗೆ ನಿನ್ನ ಮಾಲು ಬೇಡ, ಬೇರೆ ಕೋಠಿಯವರಿಗೂ ಹೇಳಿ ಕಳಿಸುತ್ತೇನೆ ಅಂದರು. ಅಲ್ಲಿದ್ದ ಬೇರೆ ಕೆಲಸಗಾರರು ಎದ್ದು ನಿಂತು ನೋಡುತ್ತಿದ್ದರು. ಖಾದರ್ ಸಾಬರು ಅವರ ಕಡೆ ತಿರುಗಲಿಲ್ಲ. ನನ್ನ ಕಡೆ ನೋಡಿದರು.

“ಗುಮಾಸ್ತ್ರೇ, ನೀವ್ ಓದ್ದೋರು. ಆ ಕಾಗ್ದದಲ್ಲಿ ಅಂಗೇ ಐತಾ? ಆ ಮಾತು ಏನು, ಒಸಿ ಹೇಳಿ.”

“ವೆರ್ಲಕ್ಟ್ ಅಂತ ಇದೆ” ಅಂದೆ.

“ವೆರ್ಲಕ್ಟ್ ಅಂದ್ರೇನು?”

ನಾನು ಮಸಿಕುಡಿಕೆಯನ್ನು ನೋಡುತ್ತ, “ಮ್ಯಾನೇಜರು ಹೇಳಿದ ಹಾಗೆ” ಅಂದೆ.

ಬರೆದುಬಿಟ್ಟೆ. ಇಷ್ಟು ವರ್ಷ ಇದನ್ನು ಯಾರಿಗೂ ಹೇಳಿರಲಿಲ್ಲ. ಮನೆಯವಳಿಗೂ ಹೇಳಿರಲಿಲ್ಲ. ಏನು ಹೆದರಿಕೆ ಇತ್ತು ನನಗೆ? ಕೆಲಸ ಹೋಗುತ್ತಿತ್ತೇ? ಹೋಗುತ್ತಿರಲಿಲ್ಲ. ಡಚ್ಚು ಓದುವವನು ಆ ಊರಿನಲ್ಲಿ ನಾನೊಬ್ಬನೇ. ಮತ್ತೆ ಆ ಹೆರಿಗೆಯ ಮಾತೆತ್ತಿ ಎಲ್ಲರೂ ನಗುತ್ತಾರೆ ಎಂಬ ನಾಚಿಕೆ, ಅಷ್ಟೇ. ಒಂದು ನಗೆಗೆ ಹೆದರಿ ಒಬ್ಬ ಮನುಷ್ಯನ ಹೆಸರನ್ನು ಕೊಟ್ಟುಬಿಟ್ಟೆ. ಥೂ.

ಚನ್ನಪಟ್ಟಣ ದೊಡ್ಡ ಊರೇನಲ್ಲ. ಮೋಸಗಾರ ಎಂದು ಹಾಲೆಂಡಿನಿಂದಲೇ ಕಾಗದ ಬಂದವನ ಕೈಯಲ್ಲಿ ಯಾವ ಕೋಠಿಯವರು ಕೆಲಸ ಮಾಡಿಸುತ್ತಾರೆ? ಖಾದರ್ ಸಾಬರು ಒಂದು ತಿಂಗಳು ಅಲ್ಲಿ ಇಲ್ಲಿ ತಿರುಗಿದರು. ಆಮೇಲೆ ಚರಕಿಯನ್ನು ಷಡ್ಡಕನಿಗೆ ಕೊಟ್ಟು, ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು, ರೇಷ್ಮೆ ಬಿಚ್ಚುವ ಕೆಲಸಕ್ಕೆ ಕ್ಲೋಸ್‌ಪೇಟೆಗೆ ಹೋದರೆಂದು ಕೇಳಿದೆ.

ಈ ನಡುವೆ ಕೋಠಿಗೆ ಟೈಪ್‌ರೈಟರ್ ಬಂತು. ಅಲ್ಲಿಯವರೆಗೆ ಕೈಯಲ್ಲಿ ಬರೆದು, ಒದ್ದೆ ಹಾಳೆಯ ಪುಸ್ತಕದಲ್ಲಿಟ್ಟು ಒತ್ತಿ ನಕಲು ತೆಗೆಯುತ್ತಿದ್ದೆವು. ಕೈಯಲ್ಲಿ ಬರೆದ ಕಾಗದವನ್ನು ಮ್ಯಾನೇಜರು ಅಕ್ಷರಕ್ಕೆ ಅಕ್ಷರ ಓದಿ ತಪ್ಪು ಹುಡುಕುತ್ತಿದ್ದರು. ಯಂತ್ರದಲ್ಲಿ ಬಂದದ್ದನ್ನು ಓದುತ್ತಿರಲಿಲ್ಲ. ಯಂತ್ರ ಎಲ್ಲಿ ತಪ್ಪು ಮಾಡುತ್ತದೆ ಎಂದುಕೊಂಡು ಸುಮ್ಮನೆ ಕಣ್ಣಾಡಿಸಿ ರುಜು ಹಾಕುತ್ತಿದ್ದರು. ಇದನ್ನೂ ಹೊಸಬರು ಗಮನಿಸಿ.

ಡಚ್ಚು ಮುದುಕನ ಮುಂದಿನ ಕಾಗದ ನನ್ನ ಮೇಜಿಗೇ ಬಂತು. ಈ ಸಲದ ಡಬ್ಬಿಗಳು ಹೋದ ಸಲದಂತಿಲ್ಲ, ಮೆರುಗು ಮಂಕಾಗಿದೆ, ಆಗ ಮಾಡಿದವನ ಕೈಯಲ್ಲೇ ಮಾಡಿಸಿ ಕಳಿಸಿ, ಇಲ್ಲದಿದ್ದರೆ ಬೇಡ ಎಂದು ಬರೆದಿದ್ದ. ಅದನ್ನು ಓದಿ ಹೇಳಿದಾಗ ಮ್ಯಾನೇಜರ ಮುಖ ನೋಡಬೇಕಿತ್ತು. ವೆರ್ಲಕ್ಟ್ ಮಾತಿಗೆ ಏನರ್ಥವೆಂದು ಆಗಲಾದರೂ ಗೊತ್ತಾಯಿತಲ್ಲ. ತಪ್ಪಾಯಿತು ಅಂದರೇ? ಇಲ್ಲ. “ಹೋಗಿ ಆ ಸಾಬೀನ ಕರ್ಕೊಂಡು ಬನ್ನಿ. ಕ್ಷಮಿಸಿದೀನಿ ಅಂತ ಹೇಳಿ” ಅಂದರು. ಕ್ಷಮಿಸಿದವರು ಇವರು!

ಮಧ್ಯಾಹ್ನದ ರೈಲಿಗೆ ಕ್ಲೋಸ್‌ಪೇಟೆಗೆ ಹೋದೆ. ವಿಚಾರಿಸಿಕೊಂಡು ಹೋದರೆ ಒಂದು ತಗ್ಗಿನ ಚಪ್ಪರದಡಿ ಸಾಲಾಗಿ ಒಲೆ, ಒಲೆಯ ಮೇಲೆ ಕುದಿಯುವ ನೀರಿನ ಬಾಣಲೆ, ಬೆಂದ ರೇಷ್ಮೆಹುಳುವಿನ ನಾತ. ಖಾದರ್ ಸಾಬರು ಬಾಣಲೆಯೊಳಗಿನ ಗೂಡುಗಳಿಂದ ಬರಿಗೈಯಲ್ಲಿ ಎಳೆ ಹುಡುಕುತ್ತಿದ್ದರು. ನನ್ನನ್ನು ನೋಡಿ, “ಬನ್ನಿ ಗುಮಾಸ್ತ್ರೇ, ಕುಂತ್ಕಳಿ” ಎಂದು ಮಣೆ ತೋರಿಸಿದರು. ಆ ಮರ್ಯಾದೆಯೇ ನನಗೆ ಹೊಡೆದಂತಾಯಿತು.

ಮ್ಯಾನೇಜರು ಶಬ್ದದ ಅರ್ಥ ತಪ್ಪು ತಿಳಿದುಕೊಂಡಿದ್ದರು, ಅದಕ್ಕೆ ಎರಡರ್ಥವಿದೆ, ಅರಗು ಹಾಕುವುದಕ್ಕೂ ಮೋಸ ಮಾಡುವುದಕ್ಕೂ ಅವರಲ್ಲಿ ಒಂದೇ ಮಾತು ಎಂದು ವಿವರಿಸಿದೆ. ಅವರಿಗೆ ತಿಳಿಯಲಿಕ್ಕಿಲ್ಲವೆಂದು ಇನ್ನೂ ಬಿಡಿಸಿ ಹೇಳಲು ಹೊರಟೆ. ಅವರು ತಡೆದರು.

“ಇದ್ರಲ್ಲೇನೈತೆ ಸ್ವಾಮಿ? ಟೋಪಿ ಹಾಕಾದು ಅನ್ನಲ್ವಾ ನಾವು? ನಾನು ಬೊಂಬೆಗೆ ದಿನಾ ಟೋಪಿ ಹಾಕ್ತಿದ್ದೆ. ಬೊಂಬೆಗೆ ಹಾಕುದ್ರೆ ಟೋಪಿ, ಮನ್ಸಂಗೆ ಹಾಕುದ್ರೆ ಮೋಸ. ಯಾರ್ಗೆ ಹಾಕುದ್ರು ಅಂತ ನೋಡುದ್ರೆ ಆಯ್ತು. ಇದ್ಕೆ ಅಷ್ಟ್ ದಪ್ಪ ಪುಸ್ತಕ ಬೇಕಾಯ್ತಾ ನಿಮ್ ಮ್ಯಾನೇಜರ್ಗೆ?”

ನಾನು ಎರಡು ವರ್ಷ ಒದ್ದಾಡಿ, ಒಂದು ಹೆರಿಗೆಯಲ್ಲಿ ನಗೆಪಾಟಲಾಗಿ ಕಲಿತದ್ದನ್ನು ಅವರು ಬಾಣಲೆಯ ಮುಂದೆ ಕುಳಿತು ಒಂದೇ ಮಾತಿನಲ್ಲಿ ಹೇಳಿದ್ದರು.

“ನಿಮ್ಗೆ ಆವತ್ತೇ ಗೊತ್ತಿತ್ತಾ?” ಎಂದು ಕೇಳಿದರು.

“ಅನುಮಾನ ಇತ್ತು” ಅಂದೆ. ಎರಡನೆಯ ಸುಳ್ಳು.

ಅವರು ಇನ್ನೊಂದು ಗೂಡಿನ ಎಳೆ ಹಿಡಿದರು. ವಾಪಸು ಬನ್ನಿ ಎಂದು ನಾನು ಕರೆದದ್ದಕ್ಕೆ ಕೈಯನ್ನು ನೀರಿನಿಂದ ತೆಗೆದು ನನ್ನ ಮುಂದೆ ಚಾಚಿದರು. ಹತ್ತು ಬೆರಳುಗಳ ತುದಿಗಳೂ ಬೆಳ್ಳಗೆ ಸುಲಿದು ಬಿರುಕುಬಿಟ್ಟಿದ್ದವು. “ಕೆಂಡ ಇಟ್ರೂ ತಿಳಿಯಕ್ಕಿಲ್ಲ ಈಗ. ಮೊನ್ನೆ ಚನ್ನಪಟ್ಣಕ್ ಹೋದಾಗ ನಮ್ ಷಡ್ಡಕನ್ ಚರಕೀಲಿ ಒಂದ್ ಡಬ್ಬಿ ಹಿಡ್ದು ನೋಡ್ದೆ. ಅರಗೆಲ್ಲ ಸುಟ್ಟೋಯ್ತು. ಬೆರ್ಳು ಹೇಳ್ದಿದ್ರೆ ಆ ಕೆಲ್ಸ ಆಗಕ್ಕಿಲ್ಲ ಗುಮಾಸ್ತ್ರೇ. ಹೋಗ್ಬುಟ್ ಬನ್ನಿ.”

ಕೋಠಿಗೆ ಹಿಂತಿರುಗಿ ನಡೆದದ್ದನ್ನು ಹೇಳಿದೆ. “ಸರಿ ಬಿಡಿ” ಅಂದರು ಮ್ಯಾನೇಜರು. “ಆ ಕೆಲಸಗಾರ ಊರು ಬಿಟ್ಟು ಹೋಗಿದಾನೆ ಅಂತ ಬರ್ದುಬಿಡಿ. ವೆರ್ಟ್ರೋಕನ್ ಅಂತಾರಲ್ಲ, ಹಡಗು ಹೊರಟಿತು ಅನ್ನೋದಕ್ಕೆ, ಅದೇ ಹಾಕಿ.”

ಹಡಗು ಹೊರಟಿತು, ಮಳೆಗಾಲ ಹೊರಟಿತು, ಖಾದರ್ ಸಾಬರೂ ತಮ್ಮ ಪಾಡಿಗೆ ಹೊರಟರು! ಯಂತ್ರಕ್ಕೆ ಹಾಳೆ ಸಿಕ್ಕಿಸಿ ಕುಳಿತೆ. ಹೊರಟುಹೋದದ್ದಕ್ಕೂ ಓಡಿಸಿದ್ದಕ್ಕೂ ಆ ಭಾಷೆಯಲ್ಲಿ ಕೃದಂತದ ಜೊತೆ ‘ಆಗಿದೆ’ ಎನ್ನುವ ಅದೇ ‘ಇಸ್’ ಬರುತ್ತದೆ. ನೋಡುವವರಿಗೆ ಎರಡೂ ಒಂದೇ ಥರ ಕಾಣುತ್ತವೆ. ನಾನು ವೆರ್ಟ್ರೋಕನ್ ಬಿಟ್ಟು ವೆಗ್‌ಗೆಸ್ಟೂರ್ಡ್ ಎಂದು ಹೊಡೆದೆ. ಆಚೆಗೆ ಅಟ್ಟಲ್ಪಟ್ಟ ಎಂದರ್ಥ. ಅಟ್ಟಿದವರು ಯಾರು ಎಂದು ಹೇಳದೆಯೂ ಆ ವಾಕ್ಯ ಮುಗಿಯುತ್ತದೆ, ಅದೇ ಆ ರೂಪದ ಅನುಕೂಲ. ನಾನು ಮುಗಿಸಲಿಲ್ಲ. ‘ದೋರ್ ಒನ್ಸ್’ ಎಂದು ಎರಡು ಶಬ್ದ ಸೇರಿಸಿದೆ. ನಮ್ಮಿಂದ.

ಬೆಂಗಳೂರಿನ ಗಾಡಿಗೆ ಅಂಚೆ ಹೊರಡುವ ಹೊತ್ತಾಗಿತ್ತು. ಮ್ಯಾನೇಜರು ಕಣ್ಣಾಡಿಸಿ ರುಜು ಹಾಕಿದರು.

ಉತ್ತರ ಬರುವವರೆಗೆ ಬೇಸಿಗೆ ಕಳೆಯಿತು. ಬಂದದ್ದು ಒಂದು ಕಾರ್ಡು. ಅದರಲ್ಲಿ ಎರಡೇ ಶಬ್ದ. ‘ವೆಗ್‌ಗೆಸ್ಟೂರ್ಡ್? ವಾರೋಮ್?’ ಕಾರ್ಡು ನೇರವಾಗಿ ಮ್ಯಾನೇಜರ ಕೈಗೆ ಸಿಕ್ಕಿತು. ಅವರು ದಪ್ಪ ನಿಘಂಟನ್ನು ಹಿಂದೆ ಮುಂದೆ ತಿರುವಿದರು. ವಾರೋಮ್ ಸಿಕ್ಕಿತು, ಯಾಕೆ ಎಂದು. ಇನ್ನೊಂದು ಸಿಗಲಿಲ್ಲ. ಹೇಗೆ ಸಿಕ್ಕೀತು? ನಡುವೆ ಕುಳಿತ ‘ಗೆ’ಯನ್ನು ಕಿತ್ತು ಹುಡುಕಬೇಕೆಂದು ಅವರಿಗೆ ಗೊತ್ತಿರಲಿಲ್ಲ. ಕೊನೆಗೆ ನನ್ನನ್ನು ಕರೆದರು.

“ಏನ್ರೀ ಇದು? ಏನನ್ನ ಯಾಕೆ ಅಂತ ಕೇಳ್ತಿದಾನೆ?”

ಜಗುಲಿಯ ಮೇಲೆ ಆವತ್ತು ಎದ್ದು ನಿಂತು ನೋಡಿದ ಕೆಲಸಗಾರರೇ ಇದ್ದರು. ನಾನು ಅವರಿಗೆಲ್ಲ ಕೇಳುವಂತೆ ಹೇಳಿದೆ. “ಖಾದರ್ ಸಾಬರನ್ನ ನೀವು ಯಾಕೆ ಓಡಿಸಿದಿರಿ ಅಂತ ಕೇಳ್ತಿದಾನೆ. ಹಾಲೆಂಡಿನಿಂದ ಬಂದ ಕಾಗದದಲ್ಲಿ ಮೋಸ ಅಂತ ಇರಲೇ ಇಲ್ಲ. ಅರಗು ಚೆನ್ನಾಗಿ ಹಾಕಿದಾರೆ ಅಂತ ಇತ್ತು. ಅದು ನನಗೆ ಆವತ್ತೇ ಗೊತ್ತಿತ್ತು.”

ಮ್ಯಾನೇಜರು ಬಾಗಿಲ ಕಡೆ ಕೈ ತೋರಿಸಿದರು. ವೆಗ್‌ಗೆಸ್ಟೂರ್ಡ್ ಎಂಬ ಶಬ್ದ ಅಂದೇ ನನಗೂ ಹತ್ತಿತು. ಆಮೇಲೆ ಕಾನಕಾನಹಳ್ಳಿಯಲ್ಲಿ ಇನ್ನೊಂದು ಕಡೆ ಬರವಣಿಗೆಯ ಕೆಲಸ ಸಿಕ್ಕಿ, ವಯಸ್ಸಾದ ಮೇಲೆ ಅದನ್ನೂ ಬಿಟ್ಟೆ. ಅದನ್ನೆಲ್ಲ ಬರೆಯುವ ಅಗತ್ಯವಿಲ್ಲ.

ಕೆಲಸ ಹೋದ ಮಾರನೆಯ ದಿನವೇ ಕ್ಲೋಸ್‌ಪೇಟೆಗೆ ಹೋದೆ. ನಿಜ ಹೇಳುತ್ತೇನೆ, ಎದೆ ಉಬ್ಬಿಸಿಕೊಂಡೇ ಹೋದೆ. ನಡೆದದ್ದನ್ನೆಲ್ಲ ಹೇಳಿದೆ. ಆವತ್ತೇ ನನಗೆ ಗೊತ್ತಿತ್ತು ಎಂಬುದನ್ನೂ ಮುಚ್ಚಿಡಲಿಲ್ಲ. ಆ ಡಚ್ಚು ಮುದುಕ ನಿಮಗೋಸ್ಕರ ಯಾಕೆ ಎಂದು ಕೇಳಿದ್ದಾನೆ ನೋಡಿ ಎಂದು ನೆನಪಿನಿಂದ ಬರೆದುಕೊಂಡಿದ್ದ ಆ ಎರಡು ಶಬ್ದವನ್ನು ತೋರಿಸಿದೆ.

ಖಾದರ್ ಸಾಬರು ಚೀಟಿಯನ್ನು ಮುಟ್ಟಲಿಲ್ಲ. ಅವರ ಕೈ ಒದ್ದೆಯಾಗಿತ್ತು.

“ಅವ್ನು ಯಾರೋ ಏನೋ, ನನ್ ಮಕ ಕಂಡೋನಲ್ಲ. ಅಷ್ಟ್ ದೂರ ಇದ್ಕಂಡು ಯಾಕೆ ಅಂತ ಕೇಳ್ದ” ಅಂದರು. “ನೀವ್ ಅಲ್ಲೇ ಕುಂತಿದ್ರಲ್ಲ ಗುಮಾಸ್ತ್ರೇ.”

ಹಾಗೆಂದು ಬಾಣಲೆಯ ಕಡೆ ತಿರುಗಿ ಕೈಯನ್ನು ಮತ್ತೆ ನೀರಿಗೆ ಹಾಕಿದರು.